ಕೈಕೆಳಗಿನ ನೌಕರನಿಂದ ಮಾನಹಾನಿ: ಪೀಣ್ಯದ ಕಾರ್ಖಾನೆಯ ಮ್ಯಾನೇಜರ್ ಒಬ್ಬರ ಪ್ರಕರಣ

ಕೈಕೆಳಗೆ ಕೆಲಸ ಮಾಡುವವರೇ ತನ್ನ ಪ್ರಾಮಾಣಿಕತೆಯ ಬಗ್ಗೆ ಇಲ್ಲಸಲ್ಲದ ಮಾತು ಹರಡಿದರು ಎಂದು ತಿಳಿದ ಕೂಡಲೇ ಮ್ಯಾನೇಜರ್ ಹುದ್ದೆಯಲ್ಲಿರುವವರು ವಕೀಲರ ಬಳಿ ಬಂದು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಲಕ್ಷಕ್ಕೆ ಮಾನನಷ್ಟ ಮೊಕದ್ದಮೆ ಹೂಡಬಹುದು? ಆ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಏನು ಹೇಳಿದರು ಎಂಬುದರಷ್ಟೇ ಎಚ್ಚರದಿಂದ ಯಾರಿಗೆ ಹೇಳಿದರು ಎಂಬುದನ್ನು ನೋಡಬೇಕು. ಒಂದೇ ಆರೋಪ ಆಡಳಿತ ಮಂಡಳಿಗೆ ಹೋದಾಗ ಕಾನೂನಿನ ರಕ್ಷಣೆ ಪಡೆಯುತ್ತದೆ, ಸಹೋದ್ಯೋಗಿಗಳ ವಾಟ್ಸ್ಆ್ಯಪ್ ಗುಂಪಿಗೆ ಹೋದಾಗ ಅಪರಾಧವಾಗಬಹುದು. ಇಲ್ಲಿ ಪರಿಶೀಲಿಸುತ್ತಿರುವುದು ಯಾವುದೇ ಒಂದು ಸಂಸ್ಥೆಯ ಕಡತವಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಂಥ ಕಡೆ ಎದುರಾಗುವ ಸಂಗತಿಗಳನ್ನು ಸೇರಿಸಿ ರೂಪಿಸಿದ ಸನ್ನಿವೇಶ. ಉಲ್ಲೇಖಿಸಿರುವ ಕಲಂಗಳು ಮತ್ತು ತೀರ್ಪುಗಳು ಮಾತ್ರ ಇದ್ದದ್ದು ಇದ್ದಂತೆಯೇ ಇವೆ.

ನಡೆದದ್ದು

ವಾಹನಗಳ ಬಿಡಿಭಾಗ ತಯಾರಿಸುವ, ಇನ್ನೂರರಷ್ಟು ಮಂದಿ ದುಡಿಯುವ ಕಾರ್ಖಾನೆ. ಉತ್ಪಾದನಾ ವಿಭಾಗದ ಮ್ಯಾನೇಜರ್‌ಗೆ ಲೇತ್ ಯಂತ್ರಗಳಿಂದ ಉದುರುವ ಹಿತ್ತಾಳೆ ಚೂರನ್ನು ಗುಜರಿ ಗುತ್ತಿಗೆದಾರರಿಗೆ ಮಾರುವ ಹೊಣೆಯೂ ಇತ್ತು. ಸ್ಟೋರ್ಸ್ ವಿಭಾಗದಲ್ಲಿ ಲೆಕ್ಕ ಬರೆಯುವ ಗುಮಾಸ್ತರು ನೆಲಮಂಗಲದಿಂದ ದಿನವೂ ಬಂದುಹೋಗುವವರು. ಸಂಬಳ ತಿಂಗಳಿಗೆ 25,000 ರೂಪಾಯಿ. ದಾಸ್ತಾನಿನ ಲೆಕ್ಕ ತಾಳೆಯಾಗುತ್ತಿಲ್ಲವೆಂದು 2024ರ ಜುಲೈಯಲ್ಲಿ ಮ್ಯಾನೇಜರ್ ಈ ಗುಮಾಸ್ತರಿಗೆ ಮೆಮೊ ಕೊಟ್ಟರು. ಆ ವರ್ಷದ ಇನ್‌ಕ್ರಿಮೆಂಟ್ ತಡೆಹಿಡಿಯಲಾಯಿತು.

ಆಗಸ್ಟ್‌ನಲ್ಲಿ ಗುಮಾಸ್ತರು ಮೂರು ಕಡೆ ಮಾತಾಡಿದರು. ಮೊದಲನೆಯದು ವ್ಯವಸ್ಥಾಪಕ ನಿರ್ದೇಶಕರಿಗೂ ಎಚ್‌ಆರ್ ಮುಖ್ಯಸ್ಥರಿಗೂ ಕಳಿಸಿದ ಇಮೇಲ್. ಗುಜರಿ ಲಾರಿಯ ತೂಕದ ಚೀಟಿಗಳ ಮೇಲೆ ಸ್ಟೋರ್ಸ್‌ನವರ ಸಹಿ ಇರಬೇಕೆಂಬ ನಿಯಮವಿದ್ದರೂ ಹಲವು ಚೀಟಿಗಳಲ್ಲಿ ಅದಿಲ್ಲ, ಮ್ಯಾನೇಜರ್ ಗುತ್ತಿಗೆದಾರರಿಂದ ಕಮಿಷನ್ ಪಡೆಯುತ್ತಿರುವ ಅನುಮಾನವಿದೆ, ತನಿಖೆ ನಡೆಸಬೇಕು ಎಂಬುದು ಅದರ ಸಾರಾಂಶ. ಎರಡನೆಯದು, ಅದೇ ವಾರ ರಾತ್ರಿ ಹೊತ್ತಿನಲ್ಲಿ, ಅರವತ್ತಕ್ಕೂ ಹೆಚ್ಚು ನೌಕರರಿದ್ದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಸಂದೇಶ: "ಗುಜರಿ ಲಾರಿ ಗೇಟು ದಾಟಿದ ದಿನ ಸಾಯಂಕಾಲ ಸಾಹೇಬ್ರ ಕೈಗೆ ಕವರ್ ಸೇರುತ್ತೆ. ನಮಗೆ ಮಾತ್ರ ಮೆಮೊ." ಅದರ ಎರಡನೆಯ ಸಾಲಿನಲ್ಲಿ ಅದೇ ವಿಭಾಗದ ಮಹಿಳಾ ಸೂಪರ್‌ವೈಸರ್ ಒಬ್ಬರ ಹೆಸರೆತ್ತಿ, ಅವರಿಗೂ ಮ್ಯಾನೇಜರ್‌ಗೂ ಸಂಬಂಧ ಕಟ್ಟಲಾಗಿತ್ತು. ಮೂರನೆಯದು ಹೊಸೂರಿನ ಪೂರೈಕೆದಾರರೊಬ್ಬರಿಗೆ ಫೋನಿನಲ್ಲಿ ಆಡಿದ್ದೆನ್ನಲಾದ ಮಾತು. ಗುಂಪಿನ ಸಂದೇಶವನ್ನು ಮರುದಿನ ಬೆಳಿಗ್ಗೆ ಅಳಿಸಲಾಯಿತು, ಅಷ್ಟರಲ್ಲಿ ಇಬ್ಬರು ಸಹೋದ್ಯೋಗಿಗಳು ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದರು.

ಮ್ಯಾನೇಜರ್ ಮೊದಲು ಮಾಡಹೊರಟ ಕೆಲಸವೆಂದರೆ ಅದೇ ಗುಂಪಿಗೆ ಉತ್ತರ ಬರೆಯುವುದು. ಕರಡಿನಲ್ಲಿ ಗುಮಾಸ್ತರನ್ನು ಹಿತ್ತಾಳೆ ಕಳ್ಳ ಎಂದು ಕರೆದಿದ್ದರು. ಅದನ್ನು ಕಳಿಸಬೇಡಿ ಎಂಬುದೇ ವಕೀಲರ ಮೊದಲ ಸಲಹೆ. ದಾಸ್ತಾನಿನ ಲೆಕ್ಕ ತಾಳೆಯಾಗದಿರುವುದು ಕಳ್ಳತನಕ್ಕೆ ಸಾಕ್ಷ್ಯವಲ್ಲ. ಆ ಉತ್ತರ ಹೋಗಿದ್ದರೆ ಮ್ಯಾನೇಜರ್ ಅವರೇ ಆರೋಪಿಯ ಸ್ಥಾನಕ್ಕೆ ಬರುತ್ತಿದ್ದರು. ನೊಂದವರಿಗೆ ಈ ಸಲಹೆ ಅನ್ಯಾಯವೆಂದು ತೋರುವುದು ಸಹಜ, ಆದರೂ ಮುಂದಿನ ಎಲ್ಲ ದಾರಿಗಳೂ ತೆರೆದಿರಬೇಕಾದರೆ ಇದನ್ನು ಪಾಲಿಸಲೇಬೇಕು.

ಇಮೇಲ್ ಮೇಲೆ ಮೊಕದ್ದಮೆ ಏಕೆ ನಿಲ್ಲುವುದಿಲ್ಲ

2024ರ ಜುಲೈ 1ರಿಂದ ಮಾನಹಾನಿಯ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂಗೆ ಬಂದಿದೆ. ಹಿಂದೆ ಅದು ದಂಡ ಸಂಹಿತೆಯ 499 ಮತ್ತು 500ನೇ ಕಲಂಗಳಲ್ಲಿತ್ತು. ಒಬ್ಬರ ಕೀರ್ತಿಗೆ ಧಕ್ಕೆ ತರುವ ಉದ್ದೇಶದಿಂದ, ಅಥವಾ ಧಕ್ಕೆಯಾಗುತ್ತದೆಂದು ತಿಳಿದೂ, ಮೂರನೆಯವರಿಗೆ ತಲುಪುವಂತೆ ಆರೋಪ ಹೊರಿಸುವುದು ಅಪರಾಧ. ಶಿಕ್ಷೆ ಎರಡು ವರ್ಷದವರೆಗಿನ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಹೊಸ ಸಂಹಿತೆ ಇವುಗಳಿಗೆ ಪರ್ಯಾಯವಾಗಿ ಸಮುದಾಯ ಸೇವೆಯನ್ನೂ ಸೇರಿಸಿದೆ. ಈ ಕಲಂಗೆ ಹತ್ತು ವಿನಾಯಿತಿಗಳಿವೆ. ಕೆಲಸದ ಜಾಗದ ಜಗಳಗಳಲ್ಲಿ ಮುಖ್ಯವಾಗುವುದು ಎಂಟನೆಯದು ಮತ್ತು ಒಂಬತ್ತನೆಯದು.

ಎಂಟನೆಯ ವಿನಾಯಿತಿಯ ಪ್ರಕಾರ, ಒಬ್ಬರ ಮೇಲೆ ಕಾನೂನುಬದ್ಧ ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಮಾಡಿದ ದೂರು ಮಾನಹಾನಿಯಲ್ಲ. 1999ರಲ್ಲಿ ಸುಪ್ರೀಂ ಕೋರ್ಟ್ ರಾಜೇಂದ್ರ ಕುಮಾರ್ ಸೀತಾರಾಂ ಪಾಂಡೆ ಪ್ರಕರಣದಲ್ಲಿ ಇದೇ ತತ್ವವನ್ನು ಅನ್ವಯಿಸಿತು. ಸಹೋದ್ಯೋಗಿಯೊಬ್ಬರು ಕುಡಿದು ಬಂದು ಖಜಾನೆ ಅಧಿಕಾರಿಯನ್ನು ಬೈದರೆಂದು ನೌಕರರು ಮೇಲಧಿಕಾರಿಗೆ ವರದಿ ಕೊಟ್ಟಿದ್ದರು. ಅವರ ಮೇಲೆ ಹೂಡಿದ್ದ ಮಾನಹಾನಿ ಪ್ರಕರಣ ಎಂಟನೆಯ ವಿನಾಯಿತಿಯ ಕಾರಣದಿಂದ ಉಳಿಯಲಿಲ್ಲ. ನಮ್ಮ ಗುಮಾಸ್ತರ ಇಮೇಲ್ ಇದೇ ಬಗೆಯದು. ಅದು ಹೋದದ್ದು ವ್ಯವಸ್ಥಾಪಕ ನಿರ್ದೇಶಕರಿಗೆ ಮತ್ತು ಎಚ್‌ಆರ್ ಮುಖ್ಯಸ್ಥರಿಗೆ ಮಾತ್ರ, ಬಳಸಿದ ಪದ "ಅನುಮಾನ", ಕೇಳಿದ್ದು ತನಿಖೆ.

ಮೆಮೊ ಕೊಟ್ಟ ಸಿಟ್ಟಿಗೆ ಬರೆದ ಇಮೇಲ್ ಸದ್ಭಾವನೆಯದು ಹೇಗಾಗುತ್ತದೆ ಎಂದು ಮ್ಯಾನೇಜರ್ ಕೇಳಿದರು. ಸಿಟ್ಟಿದ್ದ ಮಾತ್ರಕ್ಕೆ ಸದ್ಭಾವನೆ ಇಲ್ಲವೆಂದಾಗದು. ತಕ್ಕಷ್ಟು ಎಚ್ಚರ ಮತ್ತು ಗಮನ ವಹಿಸಿ ಆ ಮಾತು ಹೇಳಿದರೇ ಎಂಬುದನ್ನು ಕಾನೂನು ನೋಡುತ್ತದೆ. ಮುಂದೆ ಆಡಳಿತ ಮಂಡಳಿ ಹೊರಗಿನ ಲೆಕ್ಕ ಪರಿಶೋಧಕರಿಂದ ಗುಜರಿ ಮಾರಾಟದ ದಾಖಲೆಗಳನ್ನು ನೋಡಿಸಿದಾಗ, ಬೆಲೆಯಲ್ಲಾಗಲೀ ಹಣ ಜಮೆಯಾದುದರಲ್ಲಾಗಲೀ ವ್ಯತ್ಯಾಸ ಸಿಗಲಿಲ್ಲ, ಕಮಿಷನ್ ಪಡೆದುದಕ್ಕೆ ಯಾವ ಕುರುಹೂ ಇರಲಿಲ್ಲ. ಆದರೆ ಹಲವು ಚೀಟಿಗಳ ಕೆಳಗಿನ ಎಡಮೂಲೆಯಲ್ಲಿ, ಸ್ಟೋರ್ಸ್ ಸಹಿಗೆಂದು ಅಚ್ಚಾದ ಗೆರೆಯ ಮೇಲೆ, ನಿಜಕ್ಕೂ ಏನೂ ಇರಲಿಲ್ಲ. ಲಾರಿ ಸಂಜೆ ಹೊತ್ತಿಗೆ ಬಂದಾಗ ಸ್ಟೋರ್ಸ್ ಮುಚ್ಚಿರುತ್ತಿದ್ದುದೇ ಅದಕ್ಕೆ ಕಾರಣ. ಅಂದರೆ ಇಮೇಲ್‌ನ ತೀರ್ಮಾನ ತಪ್ಪಾಗಿದ್ದರೂ ಅದಕ್ಕೆ ಆಧಾರವಾದ ಸಂಗತಿ ಸುಳ್ಳಾಗಿರಲಿಲ್ಲ. ಇಂಥ ಇಮೇಲ್ ಮೇಲೆ ಮೊಕದ್ದಮೆ ಹೂಡಿದರೆ ಗೆಲ್ಲುವುದು ದೂರದ ಮಾತು. ದೂರು ಕೊಟ್ಟವನ ಬಾಯಿ ಮುಚ್ಚಿಸುವ ಮೇಲಧಿಕಾರಿ ಎಂಬ ಚಿತ್ರ ನ್ಯಾಯಾಧೀಶರ ಮನಸ್ಸಿನಲ್ಲಿ ಮೂಡಿ, ಗಟ್ಟಿಯಾಗಿರುವ ಉಳಿದ ದೂರು ಕೂಡ ಸೊರಗುತ್ತದೆ. ನೌಕರರು ಹೆದರದೆ ಆಡಳಿತಕ್ಕೆ ದೂರು ಕೊಡುವಂತಿರಬೇಕು ಎಂಬುದು ಕಾರ್ಖಾನೆಗೂ ಒಳಿತು, ಪ್ರಾಮಾಣಿಕ ಮ್ಯಾನೇಜರ್‌ಗೂ ಒಳಿತು ಎಂದು ನಾನು ದೃಢವಾಗಿ ನಂಬುತ್ತೇನೆ.

ಗುಂಪಿನ ಸಂದೇಶ

ಇಲ್ಲಿ ಸ್ಥಿತಿ ಪೂರ್ತಿ ಬೇರೆ. ಗುಂಪಿನಲ್ಲಿದ್ದ ಅರವತ್ತು ಮಂದಿಗೆ ಮ್ಯಾನೇಜರ್ ಮೇಲೆ ಯಾವ ಅಧಿಕಾರವೂ ಇಲ್ಲ, ತನಿಖೆ ಮಾಡುವ ಶಕ್ತಿಯೂ ಇಲ್ಲ. "ಅನುಮಾನವಿದೆ" ಎಂಬ ಮಾತು ಇಲ್ಲಿಗೆ ಬರುವಾಗ "ಕವರ್ ಸೇರುತ್ತೆ" ಎಂಬ ಖಚಿತ ಹೇಳಿಕೆಯಾಗಿದೆ. ತನ್ನ ಅಥವಾ ಇತರರ ಹಿತ ಕಾಪಾಡಲು ಸದ್ಭಾವನೆಯಿಂದ ಹೇಳಿದೆ ಎಂಬ ಒಂಬತ್ತನೆಯ ವಿನಾಯಿತಿಯನ್ನು ಗುಮಾಸ್ತರ ವಕೀಲರು ಎತ್ತಬಹುದು, ಮುಂದೆ ಎತ್ತಿದರು ಕೂಡ. ಅದನ್ನು ಸಾಬೀತುಪಡಿಸುವ ಹೊರೆ ಆರೋಪಿಯ ಮೇಲಿರುತ್ತದೆ; ಆದರೆ 1965ರ ಹರ್ಭಜನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಪ್ರಾಸಿಕ್ಯೂಷನ್‌ನಂತೆ ಸಂದೇಹಕ್ಕೆ ಎಡೆಯಿಲ್ಲದಷ್ಟು ಸಾಬೀತುಪಡಿಸಬೇಕಾಗಿಲ್ಲ, ಹೆಚ್ಚು ಸಂಭವನೀಯವೆಂದು ತೋರಿಸಿದರೆ ಸಾಕು. ಆಡಳಿತಕ್ಕೆ ಬರೆದು ಉತ್ತರಕ್ಕಾಗಿ ಕಾಯದೆ ಅದೇ ವಾರ ಗುಂಪಿಗೆ ಹಾಕಿದ್ದು, ಮರುದಿನ ತಾವೇ ಅಳಿಸಿದ್ದು, ಗುಜರಿಗೆ ಸಂಬಂಧವೇ ಇಲ್ಲದ ಮಹಿಳೆಯೊಬ್ಬರ ಹೆಸರು ಎಳೆದು ತಂದದ್ದು, ಈ ಮೂರೂ ಸಂಗತಿಗಳು ಆ ರಕ್ಷಣೆಯನ್ನು ದುರ್ಬಲಗೊಳಿಸುತ್ತವೆ.

ಗುಂಪಿನ ಅಡ್ಮಿನ್ ಆಗಿದ್ದ ಇನ್ನೊಬ್ಬ ನೌಕರರನ್ನೂ ಆರೋಪಿಯಾಗಿಸುವ ಯೋಚನೆ ಮ್ಯಾನೇಜರ್‌ಗಿತ್ತು. ಸದಸ್ಯರು ಹಾಕಿದ ಸಂದೇಶಕ್ಕೆ ಕೇವಲ ಅಡ್ಮಿನ್ ಎಂಬ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು 2021 ಮತ್ತು 2022ರಲ್ಲಿ ಹೇಳಿವೆ. ಆ ಯೋಚನೆ ಅಲ್ಲಿಗೆ ನಿಂತಿತು.

ಸಾಕ್ಷ್ಯದ ಮಾತು. ಸ್ಕ್ರೀನ್‌ಶಾಟ್‌ನ ಪ್ರಿಂಟ್ ತೆಗೆದು ಕಡತಕ್ಕೆ ಸೇರಿಸಿದರೆ ಕೆಲಸ ಮುಗಿಯಿತೆಂದು ಬಹಳ ಜನ ತಿಳಿದಿದ್ದಾರೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅಂಥ ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರ ಇರಬೇಕು. ಅನುಸೂಚಿಯಲ್ಲಿರುವ ಆ ನಮೂನೆಯ ಮೊದಲ ಭಾಗಕ್ಕೆ ಹಾಜರುಪಡಿಸುವವರೂ ಎರಡನೆಯದಕ್ಕೆ ತಜ್ಞರೂ ಸಹಿ ಹಾಕಬೇಕು, ಹ್ಯಾಷ್ ಮೌಲ್ಯವನ್ನು (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತಿನ ಸಂಕೇತವನ್ನು) ನಮೂದಿಸಬೇಕು. ಹಳೆಯ ಕಾಯಿದೆಯ 65ಬಿ ಕಲಂನ ಅಡಿ ಇಂಥ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ಈ ಪ್ರಕರಣದಲ್ಲಿ ಸ್ಕ್ರೀನ್‌ಶಾಟ್ ಇದ್ದದ್ದು ಸಹೋದ್ಯೋಗಿಗಳ ಫೋನಿನಲ್ಲಿ. ಹಾಗಾಗಿ ಅವರಲ್ಲೊಬ್ಬರು ಫೋನನ್ನು ಹಾಗೆಯೇ ಕಾಪಾಡಿಕೊಂಡು, ಪ್ರಮಾಣಪತ್ರಕ್ಕೆ ಸಹಿ ಹಾಕಿ, ಕಟಕಟೆಗೆ ಬಂದು ಪಾಟೀ ಸವಾಲು ಎದುರಿಸಲು ಸಿದ್ಧರಿರಬೇಕು. ಇಬ್ಬರಲ್ಲಿ ಒಬ್ಬರು ಒಪ್ಪಿದರು.

ಹೊಸೂರಿನ ಫೋನ್ ಕರೆಯ ವಿಷಯ ಇಲ್ಲೇ ಬಿದ್ದುಹೋಯಿತು. ಕೇಳಿಸಿಕೊಂಡ ಪೂರೈಕೆದಾರರೇ ಸಾಕ್ಷಿ ಹೇಳಬೇಕು, ವ್ಯಾಪಾರದ ಕಾರಣಕ್ಕೆ ಅವರು ಹಿಂದೆ ಸರಿದರು.

ಕ್ರಿಮಿನಲ್ ದಾರಿ

ಮಾನಹಾನಿ ಅಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧ. ಪೊಲೀಸರು ಎಫ್‌ಐಆರ್ ದಾಖಲಿಸಿ ಗುಮಾಸ್ತರನ್ನು ಕರೆತರಬೇಕೆಂದು ನಿರೀಕ್ಷಿಸುವುದು ತಪ್ಪು. ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಸ್ವೀಕೃತಿ ಸಿಗಬಹುದು, ಅಷ್ಟೇ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಂ ಅಡಿ ಕೇಸು ಹಾಕಿಸಬಹುದೆಂದು ಸ್ನೇಹಿತರೊಬ್ಬರು ಮ್ಯಾನೇಜರ್‌ಗೆ ಹೇಳಿದ್ದರು. ಆ ಕಲಂ ಅನ್ನು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 2015ರಲ್ಲೇ ರದ್ದುಪಡಿಸಿದೆ. ಉಳಿದದ್ದು ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ಫಿರ್ಯಾದು. ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 222ನೇ ಕಲಂ ಪ್ರಕಾರ ಅದನ್ನು ಸಲ್ಲಿಸಬೇಕಾದವರು ನೊಂದ ವ್ಯಕ್ತಿಯೇ. ಮ್ಯಾನೇಜರ್ ಪರವಾಗಿ ಕಂಪನಿ ಫಿರ್ಯಾದಿಯಾಗಲಾಗದು.

ಇದೇ ಸುರಕ್ಷಾ ಸಂಹಿತೆಯ 223ನೇ ಕಲಂ ಒಂದು ದೊಡ್ಡ ಬದಲಾವಣೆ ತಂದಿದೆ: ಆರೋಪಿಗೆ ತನ್ನ ಮಾತು ಹೇಳಲು ಅವಕಾಶ ಕೊಡದೆ ಮ್ಯಾಜಿಸ್ಟ್ರೇಟ್ ಅಪರಾಧವನ್ನು ಪರಿಗಣನೆಗೆ ತೆಗೆದುಕೊಳ್ಳುವಂತಿಲ್ಲ. ಈ ಅವಕಾಶ ಯಾವ ಹಂತದಲ್ಲಿ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟ್ ಮುಂದೆ ಬಂದದ್ದೂ ಒಂದು ಮಾನಹಾನಿ ಪ್ರಕರಣದಲ್ಲೇ. ಬಸನಗೌಡ ಯತ್ನಾಳ ಮತ್ತು ಶಿವಾನಂದ ಪಾಟೀಲ ನಡುವಿನ ಆ ಪ್ರಕರಣದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಬಂದ ಆದೇಶದ ಪ್ರಕಾರ, ಮೊದಲು ಫಿರ್ಯಾದಿಯ ಮತ್ತು ಸಾಕ್ಷಿಗಳ ಪ್ರಮಾಣ ಹೇಳಿಕೆ ದಾಖಲಿಸಿ, ಅನಂತರ ಆರೋಪಿಗೆ ನೋಟಿಸು ಕಳಿಸಬೇಕು. ಹಾಗಾಗಿ ಮ್ಯಾನೇಜರ್ ಮತ್ತು ಅವರ ಸಾಕ್ಷಿ ಆರಂಭದಲ್ಲೇ ಪೂರ್ತಿ ಸಿದ್ಧರಾಗಿರಬೇಕು. ಗುಮಾಸ್ತರ ವಾಸ ನೆಲಮಂಗಲದಲ್ಲಿ, ಅಂದರೆ ಬೆಂಗಳೂರಿನ ಮ್ಯಾಜಿಸ್ಟ್ರೇಟರ ವ್ಯಾಪ್ತಿಯ ಹೊರಗೆ. ಆ ಕಾರಣಕ್ಕೆ 225ನೇ ಕಲಂ ಅಡಿ ಪ್ರತ್ಯೇಕ ವಿಚಾರಣೆ ನಡೆಸದೆ ಸಮನ್ಸ್ ಹೊರಡಿಸುವಂತೆಯೂ ಇಲ್ಲ. ಫಿರ್ಯಾದಿಗೆ ಕಾಲಮಿತಿ ಮೂರು ವರ್ಷ, ಇಲ್ಲಿ 2027ರ ಆಗಸ್ಟ್‌ವರೆಗೆ.

ಕ್ರಿಮಿನಲ್ ಮಾನಹಾನಿ ಸಂವಿಧಾನಬದ್ಧವೆಂದು 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಎತ್ತಿಹಿಡಿದಾಗಿದೆ, ಹಾಗಾಗಿ ಈ ದಾರಿ ಖಂಡಿತ ಇದೆ. ಆದರೂ 25,000 ರೂಪಾಯಿ ಸಂಬಳದ ನೌಕರನ ಮೇಲೆ ಅವನ ಮೇಲಧಿಕಾರಿಯೇ ಸೆರೆವಾಸದ ಮಾತೆತ್ತುವುದು ಕೊನೆಯ ಹೆಜ್ಜೆಯಾಗಬೇಕೇ ಹೊರತು ಮೊದಲನೆಯದಲ್ಲ ಎಂಬುದು ನನ್ನ ಅಭಿಪ್ರಾಯ. ಕಾಲಮಿತಿ ದೀರ್ಘವಾಗಿರುವುದರಿಂದ ಕಾಯಲು ಅವಕಾಶವೂ ಇದೆ.

ಸಿವಿಲ್ ದಾರಿ ಮತ್ತು ಹಣದ ಲೆಕ್ಕ

ಕಾಯಲು ಅವಕಾಶವಿಲ್ಲದಿರುವುದು ಸಿವಿಲ್ ದಾವೆಗೆ. 1963ರ ಕಾಲಮಿತಿ ಕಾಯಿದೆಯ 75ನೇ ಅನುಚ್ಛೇದದ ಪ್ರಕಾರ ಬರಹದ ಮಾನಹಾನಿಗೆ ಪರಿಹಾರ ಕೇಳುವ ದಾವೆಯನ್ನು ಪ್ರಕಟವಾದ ದಿನದಿಂದ ಒಂದೇ ವರ್ಷದೊಳಗೆ ಹೂಡಬೇಕು. ಲೀಗಲ್ ನೋಟಿಸು ಕಳಿಸಿದರೆ, ಆಂತರಿಕ ವಿಚಾರಣೆ ನಡೆಯುತ್ತಿದ್ದರೆ, ರಾಜಿ ಮಾತುಕತೆ ಸಾಗಿದ್ದರೆ ಈ ಗಡುವು ಮುಂದೆ ಹೋಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಹೋಗುವುದಿಲ್ಲ. ಎಚ್‌ಆರ್ ವಿಚಾರಣೆಯ ವರದಿಗಾಗಿ ಕಾದು ಕೂತು ಹಕ್ಕನ್ನೇ ಕಳೆದುಕೊಳ್ಳುವ ಅಪಾಯವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಈ ಪ್ರಕರಣದಲ್ಲಿ ವಕೀಲರು ಮೊದಲ ಭೇಟಿಯಲ್ಲೇ 2025ರ ಆಗಸ್ಟ್‌ನ ಗಡುವನ್ನು ಕಡತದ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟರು.

ದಾವೆಯ ಸ್ಥಳದ ಆಯ್ಕೆ ವಾದಿಯದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಂ ಪ್ರಕಾರ ಹಾನಿ ನಡೆದ ಬೆಂಗಳೂರಿನಲ್ಲಿ ಹೂಡಬಹುದು, ಪ್ರತಿವಾದಿ ವಾಸವಿರುವ ನೆಲಮಂಗಲದಲ್ಲೂ ಹೂಡಬಹುದು. ಪರಿಹಾರದ ಮೊತ್ತದ ಬಗ್ಗೆ ಮಾತ್ರ ಕಣ್ಣುಬಿಟ್ಟು ಯೋಚಿಸಬೇಕು. ಮ್ಯಾನೇಜರ್ ಮನಸ್ಸಿನಲ್ಲಿದ್ದದ್ದು ಐವತ್ತು ಲಕ್ಷ. ಕೇಳಿದ ಮೊತ್ತ ಏರಿದಂತೆ ನ್ಯಾಯಾಲಯ ಶುಲ್ಕವೂ ಏರುತ್ತದೆ, ಅದನ್ನು ವಾದಿಯೇ ಮೊದಲು ಕಟ್ಟಬೇಕು. ಡಿಕ್ರಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಇಂಥ ಡಿಕ್ರಿಗೆ ಸಂಬಳ ಜಪ್ತಿ ಮಾಡುವಾಗ ಮೊದಲ ಸಾವಿರ ರೂಪಾಯಿಯನ್ನೂ ಉಳಿದುದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. 25,000ದಲ್ಲಿ ಸಾವಿರ ಕಳೆದರೆ 24,000. ಅದರ ಮೂರನೇ ಒಂದು ಪಾಲು 8,000. ಅದೂ ಒಂದು ಡಿಕ್ರಿಗೆ ಒಟ್ಟು ಇಪ್ಪತ್ತನಾಲ್ಕು ತಿಂಗಳು ಮಾತ್ರ. ಬೇರೆ ಆಸ್ತಿ ಇಲ್ಲದ ನೌಕರನ ಸಂಬಳದಿಂದ ಕೈಗೆ ಬರಬಹುದಾದ ಗರಿಷ್ಠ ಮೊತ್ತ 1,92,000 ರೂಪಾಯಿ. ಸಂಬಳದಲ್ಲಿ ಜಪ್ತಿಗೆ ಒಳಪಡದ ಭತ್ಯೆಗಳು ಸೇರಿದ್ದರೆ, ಅಥವಾ ಅವರು ಕೆಲಸ ಬಿಟ್ಟರೆ, ಅದಕ್ಕೂ ಕಡಿಮೆ. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದ ಮೇಲೆ ಮ್ಯಾನೇಜರ್ ಮತ್ತೆ ಐವತ್ತು ಲಕ್ಷದ ಮಾತೆತ್ತಲಿಲ್ಲ. ಅವರಿಗೆ ನಿಜವಾಗಿ ಬೇಕಿದ್ದದ್ದು ಓದಿದ ಅರವತ್ತು ಜನರ ಮುಂದೆ ಆ ಮಾತು ಹಿಂದೆ ಹೋಗುವುದು.

ಮುಂದೆ ಇಂಥದ್ದನ್ನು ಬರೆಯದಂತೆ ತಡೆಯಾಜ್ಞೆ ಕೇಳಬಹುದು. ವಿಚಾರಣೆಗೆ ಮೊದಲೇ ಪ್ರಕಟಣೆಗೆ ತಡೆ ನೀಡುವಾಗ ನ್ಯಾಯಾಲಯಗಳು ತೀರ ಎಚ್ಚರ ವಹಿಸಬೇಕೆಂದು ಬ್ಲೂಮ್‌ಬರ್ಗ್ ಮತ್ತು ಝೀ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಹೇಳಿದೆ. ಅದು ಪತ್ರಿಕಾ ಬರಹದ ಸಂದರ್ಭದ ಮಾತಾದರೂ, "ಮ್ಯಾನೇಜರ್ ಬಗ್ಗೆ ಏನನ್ನೂ ಬರೆಯಕೂಡದು" ಎಂಬ ಸಾರಾಸಗಟು ಆದೇಶ ಸಿಗುವುದು ಕಷ್ಟ. ಕವರ್ ಮತ್ತು ಸಂಬಂಧದ ಆ ಎರಡು ನಿರ್ದಿಷ್ಟ ಹೇಳಿಕೆಗಳಿಗೆ ಸೀಮಿತವಾದ ಕೋರಿಕೆಗೆ ಬಲ ಹೆಚ್ಚು.

ಕಾರ್ಖಾನೆಯೊಳಗಿನ ಶಿಸ್ತು ಕ್ರಮ

ಸಹೋದ್ಯೋಗಿಯ ಬಗ್ಗೆ ಆಧಾರವಿಲ್ಲದ ಆರೋಪವನ್ನು ಬಹಿರಂಗವಾಗಿ ಹರಡುವುದು ಕಾರ್ಖಾನೆಯ ಸ್ಥಾಯಿ ಆದೇಶಗಳಡಿ (ನೌಕರರ ಸೇವಾ ನಿಯಮಗಳಡಿ) ದುರ್ನಡತೆಯಾಗಿತ್ತು. ಇಲ್ಲಿ ಅತಿ ಮುಖ್ಯವಾದ ಎಚ್ಚರಿಕೆ: ದೋಷಾರೋಪಣ ಪತ್ರಕ್ಕೆ ಮ್ಯಾನೇಜರ್ ಸಹಿ ಹಾಕಬಾರದು, ವಿಚಾರಣಾಧಿಕಾರಿಯ ನೇಮಕದಲ್ಲಿ ಅವರ ಕೈ ಇರಬಾರದು, ಶಿಕ್ಷೆಯ ತೀರ್ಮಾನದ ಸಭೆಯಲ್ಲಿ ಅವರು ಕೂರಬಾರದು. ಅವರ ಸ್ಥಾನ ಸಾಕ್ಷಿಯದು ಮಾತ್ರ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾದ ವಿಚಾರಣೆಯನ್ನು ಕಾರ್ಮಿಕ ನ್ಯಾಯಾಲಯ ಒಪ್ಪುವುದಿಲ್ಲ, ಮತ್ತು ಕೈಗಾರಿಕಾ ವಿವಾದ ಕಾಯಿದೆಯ 11ಎ ಕಲಂ ಅಡಿ ವಜಾ ಶಿಕ್ಷೆ ಅತಿಯಾಯಿತೆಂದು ಕಂಡರೆ ಅದನ್ನು ಬದಲಿಸುವ ಅಧಿಕಾರವೂ ಅದಕ್ಕಿತ್ತು. ಅಮಾನತು ಮಾಡಿದ್ದರೆ ಮೊದಲ ತೊಂಬತ್ತು ದಿನ ಅರ್ಧ ವೇತನದಷ್ಟು ಜೀವನಾಧಾರ ಭತ್ಯೆ ಕೊಡಬೇಕಾಗುತ್ತಿತ್ತು. ಆಡಳಿತ ಅಮಾನತಿನ ಗೋಜಿಗೆ ಹೋಗಲಿಲ್ಲ, ಅದು ಸರಿಯಾದ ನಿರ್ಧಾರ. 2025ರ ನವೆಂಬರ್ 21ರಿಂದ ಈ ವಿಷಯಗಳು ಕೈಗಾರಿಕಾ ಸಂಬಂಧಗಳ ಸಂಹಿತೆಯ ವ್ಯಾಪ್ತಿಗೆ ಬಂದಿರುವುದರಿಂದ ಅನಂತರದ ಪ್ರಕರಣಗಳಲ್ಲಿ ಅದನ್ನೇ ನೋಡಬೇಕು.

ದೋಷಾರೋಪಣ ಪತ್ರದ ಮೊದಲ ಕರಡಿನಲ್ಲಿ ಇಮೇಲ್ ಕಳಿಸಿದ್ದನ್ನೂ ದುರ್ನಡತೆಯೆಂದು ಸೇರಿಸಲಾಗಿತ್ತು. ವಕೀಲರ ಒತ್ತಾಯದ ಮೇಲೆ ಅದನ್ನು ತೆಗೆಯಲಾಯಿತು. ದೂರು ಕೊಟ್ಟದ್ದಕ್ಕೇ ಶಿಕ್ಷೆ ಎಂಬಂತಾಗಿದ್ದರೆ ಅದು ಕಿರುಕುಳವೆಂಬ ವಾದಕ್ಕೆ ಆಡಳಿತವೇ ಆಧಾರ ಒದಗಿಸಿದಂತಾಗುತ್ತಿತ್ತು. ವಿಚಾರಣೆಯಲ್ಲಿ ಗುಂಪಿನ ಸಂದೇಶದ ಆರೋಪ ಸಾಬೀತಾಗಿ ಗುಮಾಸ್ತರಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಗುಜರಿ ಚೀಟಿಗೆ ಸಹಿ ಬೀಳದೆ ಲಾರಿ ಗೇಟು ದಾಟಕೂಡದೆಂಬ ಸುತ್ತೋಲೆಯೂ ಹೊರಟಿತು.

ಮುಗಿದ ಬಗೆ

ವಕೀಲರು ಕಳಿಸಿದ ನೋಟಿಸು ಗುಂಪಿನ ಸಂದೇಶಕ್ಕೆ ಮಾತ್ರ ಸೀಮಿತವಾಗಿತ್ತು. ಕೇಳಿದ್ದು ಎರಡು: ಅದೇ ಗುಂಪಿನಲ್ಲಿ, ಕನ್ನಡದಲ್ಲೇ, ಮಾತನ್ನು ಹಿಂಪಡೆಯುವುದು, ಮತ್ತೆ ಅದನ್ನು ಹೇಳುವುದಿಲ್ಲವೆಂದು ಲಿಖಿತ ಮುಚ್ಚಳಿಕೆ ಕೊಡುವುದು. ಮೊದಲ ಉತ್ತರ ಒಂಬತ್ತನೆಯ ವಿನಾಯಿತಿಯನ್ನು ಮುಂದಿಟ್ಟ ನಿರಾಕರಣೆ. ಪರಿಶೋಧಕರ ವರದಿ ಹೊರಬಂದ ಮೇಲೆ ಎರಡೂ ಕಡೆಯ ವಕೀಲರು ಮಾತಾಡಿಕೊಂಡರು. ಹಿಂಪಡೆಯುವ ಸಂದೇಶದ ಒಂದೊಂದು ಪದಕ್ಕೂ ಚೌಕಾಶಿ ನಡೆಯಿತು. "ತಪ್ಪಾಯಿತು, ಕ್ಷಮಿಸಿ" ಎಂದು ಬರೆದರೆ ತೂಕದ ಚೀಟಿಯ ದೂರೂ ಸುಳ್ಳೆಂದು ಒಪ್ಪಿದಂತಾಗುತ್ತದೆ ಎಂಬ ಗುಮಾಸ್ತರ ಆಕ್ಷೇಪ ನ್ಯಾಯವಾಗಿತ್ತು. ಕೊನೆಗೆ 2025ರ ಏಪ್ರಿಲ್‌ನಲ್ಲಿ, ಸಿವಿಲ್ ಗಡುವಿಗೆ ನಾಲ್ಕು ತಿಂಗಳು ಉಳಿದಿರುವಾಗ, ಗುಂಪಿಗೆ ಬಂದ ಬರಹ ಹೀಗಿತ್ತು: "ಗುಜರಿ ಗುತ್ತಿಗೆದಾರರಿಂದ ಮ್ಯಾನೇಜರ್ ಹಣ ಪಡೆಯುತ್ತಾರೆಂದು ಕಳೆದ ಆಗಸ್ಟ್‌ನಲ್ಲಿ ನಾನು ಇಲ್ಲಿ ಬರೆದಿದ್ದೆ. ಅದಕ್ಕೆ ನನ್ನ ಬಳಿ ಆಧಾರವಿರಲಿಲ್ಲ. ಆ ಮಾತನ್ನು ಹಿಂಪಡೆಯುತ್ತೇನೆ. ಚೀಟಿಗಳಲ್ಲಿ ಸಹಿ ಇಲ್ಲದಿದ್ದುದರ ಬಗ್ಗೆ ಆಡಳಿತಕ್ಕೆ ಕೊಟ್ಟ ದೂರು ಬೇರೆ ವಿಷಯ."

ಮುಚ್ಚಳಿಕೆಯನ್ನು ಮುರಿಯದಿರುವವರೆಗೆ ಫಿರ್ಯಾದು ಮತ್ತು ದಾವೆ ಎರಡನ್ನೂ ಹೂಡುವುದಿಲ್ಲವೆಂದು ಮ್ಯಾನೇಜರ್ ಬರೆದುಕೊಟ್ಟರು. ಸಂದೇಶದ ಎರಡನೆಯ ಸಾಲಿನಲ್ಲಿ ಹೆಸರು ಬಂದಿದ್ದ ಸೂಪರ್‌ವೈಸರ್ ಈ ಒಪ್ಪಂದದಲ್ಲಿ ಪಕ್ಷಗಾರರಲ್ಲ. ಅವರ ಪರವಾಗಿಯೂ ತಾನೇ ಮಾತಾಡುವುದಾಗಿ ಮ್ಯಾನೇಜರ್ ಆರಂಭದಲ್ಲಿ ಹೇಳಿದ್ದರು. ಅದು ಒಳ್ಳೆಯ ಮನಸ್ಸಿನಿಂದ ಬಂದ ಮಾತಾದರೂ ಕಾನೂನಿನಲ್ಲೂ ತಪ್ಪು, ಆಕೆಯನ್ನು ಕೇಳದೆ ಆಡಿದ್ದರಿಂದ ಬೇರೆ ರೀತಿಯಲ್ಲೂ ತಪ್ಪು. ನ್ಯಾಯ ಸಂಹಿತೆಯ 356ರ ಅಡಿ ಆಕೆ ಪ್ರತ್ಯೇಕ ನೊಂದ ವ್ಯಕ್ತಿ. ಮಹಿಳೆಯ ಘನತೆಗೆ ಅವಮಾನ ಮಾಡುವ ಮಾತಿಗೆ ಸಂಬಂಧಿಸಿದ, ಅದೇ ಸಂಹಿತೆಯ 79ನೇ ಕಲಂ ಅನ್ವಯವಾಗುತ್ತದೆಂದು ವಾದಿಸುವ ಹಕ್ಕು ಅವರಿಗಿದೆ, 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಡಿ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ದೂರು ಕೊಡುವ ಹಕ್ಕೂ ಇದೆ. ಅವರು ಎರಡನೆಯದನ್ನು ಆರಿಸಿಕೊಂಡು ಗಡುವಿನೊಳಗೆ ದೂರು ಕೊಟ್ಟರು. ಆ ಕಾಯಿದೆಯ 16ನೇ ಕಲಂ ಸಮಿತಿಯ ಕಲಾಪದ ವಿವರಗಳನ್ನು ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ; ಆದ್ದರಿಂದ ಅದರ ಕಡತದ ಪ್ರತಿಯನ್ನು ಕೇಳಿ ಮ್ಯಾನೇಜರ್ ಸಲ್ಲಿಸಿದ ಅರ್ಜಿಯನ್ನು ಸಮಿತಿ ತಿರಸ್ಕರಿಸಿತು.